ಗೆಲಾಕ್ಸಿಯ ಸಂಪು ತುಂಬಿಸುವವರು ಯಾರು?

ಮಕ್ಕಳೇ, ಮೊದಲು ಒಂದು ಸುಲಭ ಲೆಕ್ಕ ಮಾಡೋಣ.

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಹೆಬ್ಬಗೋಡಿ ಸಿಗುತ್ತದೆ. ಅದರಾಚೆ ಬೊಮ್ಮಸಂದ್ರದ ಕಾರ್ಖಾನೆಗಳು. ಆ ಕಾರ್ಖಾನೆಗಳಲ್ಲಿ ದುಡಿಯುವವರು ಬಾಡಿಗೆಗೆ ಇರುವ ವಠಾರಗಳು ಹೆಬ್ಬಗೋಡಿಯಲ್ಲಿ ಬೇಕಾದಷ್ಟಿವೆ. ಅಂಥ ಒಂದು ವಠಾರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಲಾಗಿ ಹತ್ತು ಮನೆಗಳು. ತಾರಸಿಯ ಮೇಲೆ 2,000 ಲೀಟರ್ ಹಿಡಿಯುವ ಕಪ್ಪು ಟ್ಯಾಂಕು. ನೆಲದ ಅಡಿಯಲ್ಲಿ 10,000 ಲೀಟರ್ ಹಿಡಿಯುವ ಸಂಪು. ಸಂಪಿನ ನೀರನ್ನು ಮೋಟಾರು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನಿಂದ ಎಲ್ಲ ಮನೆಗಳ ನಲ್ಲಿಗಳಿಗೆ ನೀರು ಇಳಿಯುತ್ತದೆ.

ಒಂದು ಮನೆಗೆ ದಿನಕ್ಕೆ 200 ಲೀಟರ್ ನೀರು ಬೇಕು ಎಂದುಕೊಳ್ಳಿ. ಹತ್ತು ಮನೆಗಳಿಗೆ 2,000 ಲೀಟರ್. ಅಂದರೆ ತುಂಬಿದ ಟ್ಯಾಂಕು ಒಂದು ದಿನಕ್ಕೆ ಸಾಕು. ತುಂಬಿದ ಸಂಪು ಮತ್ತೆ ಐದು ದಿನಕ್ಕೆ ಸಾಕು. ಒಟ್ಟು ಆರು ದಿನ. ಏಳನೆಯ ದಿನ ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬರಬೇಕು!

ಆದರೆ ಆ ವಠಾರದಲ್ಲಿ ಜನ ಹತ್ತು ವರ್ಷಗಳಿಂದ ವಾಸವಾಗಿದ್ದಾರೆ. ಇದು ಹೇಗೆ ಸಾಧ್ಯ? ನಿಮಗೆ ಉತ್ತರ ಗೊತ್ತು. ಸಂಪಿಗೆ ಹೊರಗಿನಿಂದ ನೀರು ಬಂದು ಬೀಳುತ್ತಲೇ ಇದೆ. ಕೊಳವೆಬಾವಿಯಿಂದ ಬರಬಹುದು, ಟ್ಯಾಂಕರಿನಿಂದ ಬರಬಹುದು. ಟ್ಯಾಂಕರ್ ಬಂದದ್ದನ್ನು ನೀವು ಕಣ್ಣಾರೆ ನೋಡಿರಬೇಕಾಗಿಲ್ಲ. ಲೆಕ್ಕವೇ ಅದನ್ನು ಹೇಳಿಬಿಡುತ್ತದೆ.

ಖಗೋಳ ವಿಜ್ಞಾನಿಗಳು ಇದೇ ಲೆಕ್ಕವನ್ನು ಗೆಲಾಕ್ಸಿಗಳಿಗೆ ಹಾಕಿ ನೋಡಿದ್ದಾರೆ. ಅಲ್ಲಿ ನೀರಿನ ಬದಲು ಅನಿಲ. ನಲ್ಲಿಯಿಂದ ಬರುವುದು ನಕ್ಷತ್ರ! ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಗಳ ಪಾಲೂ ಇದೆ. ಬನ್ನಿ, ಅದೇನೆಂದು ತಿಳಿಯೋಣ.

ನಕ್ಷತ್ರ ಯಾವುದರಿಂದ ಆಗುತ್ತದೆ?

ಗೆಲಾಕ್ಸಿ ಎಂದರೆ ನಕ್ಷತ್ರಗಳ ಒಂದು ದೊಡ್ಡ ಊರು. ನಮ್ಮ ಸೂರ್ಯ ಇರುವ ಊರಿನ ಹೆಸರು ಆಕಾಶಗಂಗೆ. ಇದರಲ್ಲಿ ಕಡಿಮೆಯೆಂದರೂ 10,000 ಕೋಟಿ ನಕ್ಷತ್ರಗಳಿವೆ. ಈ ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಬರಿದಲ್ಲ. ಅಲ್ಲಿ ತೀರ ತೆಳುವಾದ ಅನಿಲವೂ ಸ್ವಲ್ಪ ದೂಳೂ ಹರಡಿಕೊಂಡಿವೆ. ಅನಿಲದಲ್ಲಿ ಬಹುಪಾಲು ಹೈಡ್ರೋಜನ್. ನಿಮ್ಮ ಪುಸ್ತಕದಲ್ಲಿ ಜಲಜನಕ ಎಂದು ಓದಿರಬಹುದು. ಉಳಿದದ್ದರಲ್ಲಿ ಹೆಚ್ಚಿನದು ಹೀಲಿಯಂ.

ಈ ಅನಿಲವೇ ನಕ್ಷತ್ರದ ಕಚ್ಚಾವಸ್ತು. ಆದರೆ ಅನಿಲ ಇದ್ದ ಮಾತ್ರಕ್ಕೆ ನಕ್ಷತ್ರ ಆಗುವುದಿಲ್ಲ. ಅದು ತಣ್ಣಗಾಗಬೇಕು. ಬಿಸಿ ಅನಿಲದ ಕಣಗಳು ಜೋರಾಗಿ ಓಡಾಡುತ್ತವೆ, ಒಂದರ ಹತ್ತಿರ ಒಂದು ನಿಲ್ಲುವುದಿಲ್ಲ. ತಣ್ಣಗಾದಾಗ ಕಣಗಳ ಓಟ ನಿಧಾನವಾಗುತ್ತದೆ. ಆಗ ಗುರುತ್ವದ ಸೆಳೆತ ಗೆಲ್ಲುತ್ತದೆ. ಅನಿಲ ತನ್ನ ಮೇಲೆ ತಾನೇ ಕುಸಿದು ದಟ್ಟವಾಗುತ್ತದೆ. ನಕ್ಷತ್ರ ಹುಟ್ಟುವ ಮೋಡಗಳ ಉಷ್ಣತೆ ಮೈನಸ್ 260 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಹೀಗೆ ಕುಸಿಯುತ್ತ ಹೋದ ಮುದ್ದೆಯ ನಡುಭಾಗ ಒತ್ತಡದಿಂದ ಮತ್ತೆ ಬಿಸಿಯಾಗುತ್ತದೆ. ಅಲ್ಲಿನ ಉಷ್ಣತೆ ಸುಮಾರು ಒಂದು ಕೋಟಿ ಡಿಗ್ರಿ ತಲುಪಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗುತ್ತದೆ. ಆಗ ನಕ್ಷತ್ರ ಹೊತ್ತಿಕೊಂಡಿತು ಎನ್ನುತ್ತೇವೆ. ಸುಡುವ ನಕ್ಷತ್ರ ಹುಟ್ಟಬೇಕಾದರೆ ಕೊರೆಯುವಷ್ಟು ತಣ್ಣಗಿನ ಅನಿಲ ಬೇಕು. ವಿಚಿತ್ರ ಅಲ್ಲವೇ?

ತಣ್ಣಗಾಗುವ ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯ ಹಂತದಲ್ಲಿ ಹೈಡ್ರೋಜನ್ ಒಂಟಿ ಪರಮಾಣುಗಳಾಗಿರುತ್ತದೆ. ಇದು ನಮ್ಮ ವಠಾರದ ಸಂಪು ಇದ್ದ ಹಾಗೆ. ಅನಿಲ ಇನ್ನಷ್ಟು ತಣ್ಣಗಾಗಿ ದಟ್ಟವಾದಾಗ ಎರಡೆರಡು ಪರಮಾಣುಗಳು ಕೂಡಿಕೊಂಡು ಅಣುಗಳಾಗುತ್ತವೆ. ಇದು ತಾರಸಿಯ ಟ್ಯಾಂಕು ಇದ್ದ ಹಾಗೆ. ನಕ್ಷತ್ರಗಳು ಹುಟ್ಟುವುದು ಈ ಅಣುಗಳ ಮೋಡಗಳಲ್ಲಿ.

ಅಂಥ ಒಂದು ಜಾಗವನ್ನು ನೀವೇ ನೋಡಬಹುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಂಜೆಯ ಆಕಾಶದಲ್ಲಿ ಮಹಾವ್ಯಾಧ ನಕ್ಷತ್ರಪುಂಜ ಕಾಣುತ್ತದೆ. ನೇರ ಗೆರೆಯಲ್ಲಿರುವ ಮೂರು ನಕ್ಷತ್ರಗಳು ವ್ಯಾಧನ ನಡುಪಟ್ಟಿ. ಅದರಿಂದ ತೂಗುಬಿದ್ದಂತೆ ಕಾಣುವ ಚಿಕ್ಕ ಚುಕ್ಕೆಗಳ ಸಾಲು ಅವನ ಕತ್ತಿ. ಆ ಸಾಲಿನ ನಡುವೆ ಮಸುಕು ಮಸುಕಾಗಿ ಕಾಣುವುದು ಚುಕ್ಕೆಯಲ್ಲ, ಅನಿಲದ ಮೋಡ. ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ.

ಆಕಾಶಗಂಗೆಯ ಲೆಕ್ಕ

ಈಗ ವಠಾರದ ಲೆಕ್ಕವನ್ನೇ ಆಕಾಶಗಂಗೆಗೆ ಹಾಕೋಣ. ಇಲ್ಲಿ ಲೀಟರ್ ಸಾಲದು. ಬದಲಿಗೆ ‘ಒಂದು ಸೂರ್ಯನಷ್ಟು ತೂಕ’ ಎಂಬ ಅಳತೆ ಬಳಸೋಣ.

ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಸುಮಾರು ಎರಡು ಸೂರ್ಯರಷ್ಟು ತೂಕದ ಅನಿಲ ಹೊಸ ನಕ್ಷತ್ರಗಳಾಗುತ್ತಿದೆ. ಇದು ದಿನದ ಬಳಕೆ ಇದ್ದಂತೆ. ಟ್ಯಾಂಕಿನಲ್ಲಿ, ಅಂದರೆ ಅಣುಗಳ ಮೋಡಗಳಲ್ಲಿ, ಇರುವುದು ಸುಮಾರು 100 ಕೋಟಿ ಸೂರ್ಯರಷ್ಟು ಅನಿಲ. ಭಾಗಿಸಿ ನೋಡಿ. 100 ಕೋಟಿಯನ್ನು 2ರಿಂದ ಭಾಗಿಸಿದರೆ 50 ಕೋಟಿ. ಟ್ಯಾಂಕು 50 ಕೋಟಿ ವರ್ಷಗಳಲ್ಲಿ ಖಾಲಿ! ಸಂಪಿನಲ್ಲಿ, ಅಂದರೆ ಒಂಟಿ ಪರಮಾಣುಗಳ ರೂಪದಲ್ಲಿ, ಸುಮಾರು 800 ಕೋಟಿ ಸೂರ್ಯರಷ್ಟು ಅನಿಲವಿದೆ. ಅದು ಮತ್ತೆ 400 ಕೋಟಿ ವರ್ಷ ಬಂದೀತು.

ಆದರೆ ನಮ್ಮ ಸೂರ್ಯನಿಗೇ ಈಗ ಸುಮಾರು 460 ಕೋಟಿ ವರ್ಷ ವಯಸ್ಸು. ಆಕಾಶಗಂಗೆಯ ಹಳೆಯ ನಕ್ಷತ್ರಗಳಿಗೆ 1,200 ಕೋಟಿ ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿದೆ. ಅಷ್ಟು ದೀರ್ಘಕಾಲದಿಂದ ಇಲ್ಲಿ ನಕ್ಷತ್ರಗಳು ಹುಟ್ಟುತ್ತಲೇ ಬಂದಿವೆ. ಹಿಂದೆ ಇನ್ನೂ ವೇಗವಾಗಿ ಹುಟ್ಟುತ್ತಿದ್ದವು. ಹಾಗಾದರೆ ಈ ಸಂಪನ್ನು ಯಾರೋ ತುಂಬಿಸುತ್ತಿರಬೇಕಲ್ಲವೇ?

ಹೌದು, ತುಂಬುತ್ತಿದೆ. ಗೆಲಾಕ್ಸಿಗಳ ನಡುವಿನ ವಿಶಾಲವಾದ ಜಾಗದಲ್ಲೂ ಅತಿ ತೆಳುವಾದ ಅನಿಲವಿದೆ. ಗೆಲಾಕ್ಸಿಯ ಗುರುತ್ವ ಅದನ್ನು ಒಳಕ್ಕೆ ಸೆಳೆಯುತ್ತದೆ. ನಮ್ಮ ಆಕಾಶಗಂಗೆಯ ಕಡೆಗೆ ಬೀಳುತ್ತಿರುವ ಕೆಲವು ಅನಿಲದ ಮೋಡಗಳನ್ನು ರೇಡಿಯೊ ದೂರದರ್ಶಕಗಳಿಂದ ಕಂಡಿದ್ದಾರೆ. ಅವುಗಳಲ್ಲಿ ಒಂದಕ್ಕೆ ‘ಸ್ಮಿತ್ ಮೋಡ’ ಎಂದು ಹೆಸರು. ನೆದರ್ಲೆಂಡ್ಸಿನಲ್ಲಿ ಓದುತ್ತಿದ್ದ ಗೇಲ್ ಸ್ಮಿತ್ ಎಂಬ ವಿದ್ಯಾರ್ಥಿನಿ 1963ರಲ್ಲಿ ಇದನ್ನು ಗುರುತಿಸಿದರು. ಇದರಲ್ಲಿ ಹತ್ತು ಲಕ್ಷ ಸೂರ್ಯರಿಗಿಂತಲೂ ಹೆಚ್ಚು ತೂಕದ ಅನಿಲವಿದೆ. ಸುಮಾರು 3 ಕೋಟಿ ವರ್ಷಗಳ ನಂತರ ಅದು ನಮ್ಮ ಗೆಲಾಕ್ಸಿಯ ತಟ್ಟೆಗೆ ಬಂದು ಸೇರುತ್ತದೆ. ಆಕಾಶದ ಟ್ಯಾಂಕರ್ ದಾರಿಯಲ್ಲಿದೆ ಎನ್ನೋಣ!

ನೀವೇ ಮಾಡಿ ನೋಡಿ

ಗೆಲಾಕ್ಸಿಗೆ ಅನಿಲ ಹೆಚ್ಚು ಬಂದರೆ ಏನಾಗುತ್ತದೆ? ಕಡಿಮೆ ಬಂದರೆ ಏನಾಗುತ್ತದೆ? ಒಂದು ಪ್ಲಾಸ್ಟಿಕ್ ಬಾಟಲಿ ಇದನ್ನು ನಿಮಗೆ ತೋರಿಸುತ್ತದೆ.

ಖಾಲಿ ಬಾಟಲಿಯೊಂದರ ಮೇಲ್ಭಾಗವನ್ನು ಕತ್ತರಿಸಿ ತೆಗೆಯಿರಿ. ತಳದಿಂದ ಎರಡು ಬೆರಳಗಲ ಮೇಲೆ ಮೊಳೆಯಿಂದ ಒಂದು ತೂತು ಮಾಡಿ. ಈ ಎರಡೂ ಕೆಲಸಗಳಿಗೆ ಮನೆಯ ಹಿರಿಯರ ಅಥವಾ ಶಿಕ್ಷಕರ ಸಹಾಯ ಪಡೆಯಿರಿ. ಬಾಟಲಿಯನ್ನು ಬಕೆಟ್ಟಿನಲ್ಲಿಟ್ಟು ನಲ್ಲಿಯ ಕೆಳಗೆ ಹಿಡಿಯಿರಿ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ, ನೀರು ಸಣ್ಣಗೆ ಬೀಳಲಿ.

ಬಾಟಲಿಯಲ್ಲಿ ನೀರು ಏರುತ್ತದೆ. ತೂತಿನಿಂದ ಹೊರಗೂ ಹರಿಯುತ್ತದೆ. ಸ್ವಲ್ಪ ಹೊತ್ತಾದ ಮೇಲೆ ನೀರಿನ ಮಟ್ಟ ಒಂದು ಕಡೆ ನಿಂತುಬಿಡುತ್ತದೆ. ಮೇಲಿನಿಂದ ಎಷ್ಟು ಬೀಳುತ್ತದೋ ತೂತಿನಿಂದ ಅಷ್ಟೇ ಹೊರಗೆ ಹೋಗುತ್ತದೆ. ಈಗ ನಲ್ಲಿಯನ್ನು ಇನ್ನೂ ಸ್ವಲ್ಪ ತಿರುಗಿಸಿ. ಮಟ್ಟ ಇನ್ನಷ್ಟು ಮೇಲೇರಿ ಅಲ್ಲಿ ನಿಲ್ಲುತ್ತದೆ. ತೂತಿನಿಂದ ಚಿಮ್ಮುವ ನೀರು ಮೊದಲಿಗಿಂತ ದೂರಕ್ಕೆ ಹೋಗುತ್ತದೆ. ಕೊನೆಗೆ ನಲ್ಲಿಯನ್ನು ನಿಲ್ಲಿಸಿ. ಮಟ್ಟ ಇಳಿಯುತ್ತ ಹೋದಂತೆ ಚಿಮ್ಮುವ ನೀರು ಸಣ್ಣದಾಗುತ್ತ ಬಂದು ತೊಟ್ಟಿಕ್ಕಿ ನಿಲ್ಲುತ್ತದೆ. ಬಕೆಟ್ಟಿನಲ್ಲಿ ಸಂಗ್ರಹವಾದ ನೀರನ್ನು ಗಿಡಕ್ಕೆ ಹಾಕಿ, ಚೆಲ್ಲಬೇಡಿ.

ನೋಡಿದಿರಾ? ತೂತನ್ನು ನೀವು ದೊಡ್ಡದು ಮಾಡಲಿಲ್ಲ, ಚಿಕ್ಕದೂ ಮಾಡಲಿಲ್ಲ. ಮೇಲಿನ ಹರಿವು ಬದಲಾದಂತೆ ಬಾಟಲಿಯೇ ತನ್ನನ್ನು ಸರಿಹೊಂದಿಸಿಕೊಂಡಿತು. ಗೆಲಾಕ್ಸಿಯೂ ಹೀಗೆಯೇ. ಅನಿಲ ದಟ್ಟವಾಗಿದ್ದಷ್ಟೂ ನಕ್ಷತ್ರಗಳು ವೇಗವಾಗಿ ಹುಟ್ಟುತ್ತವೆ ಎಂದು ಮಾರ್ಟೆನ್ ಷ್ಮಿಟ್ ಎಂಬ ವಿಜ್ಞಾನಿ 1959ರಲ್ಲೇ ಹೇಳಿದ್ದರು. ಹೆಚ್ಚು ಅನಿಲ ಬಂದರೆ ಮಟ್ಟ ಏರುತ್ತದೆ, ನಕ್ಷತ್ರಗಳು ಹೆಚ್ಚು ಹುಟ್ಟುತ್ತವೆ. ಹೆಚ್ಚು ಹುಟ್ಟಿದರೆ ಅನಿಲ ಬೇಗ ಖರ್ಚಾಗಿ ಮಟ್ಟ ಮತ್ತೆ ಹಿಡಿತಕ್ಕೆ ಬರುತ್ತದೆ. ಬಹಳ ಕಾಲ ನೋಡಿದರೆ, ನಕ್ಷತ್ರಗಳು ಎಷ್ಟು ವೇಗವಾಗಿ ಹುಟ್ಟಬೇಕು ಎಂಬುದನ್ನು ಅನಿಲದ ಪೂರೈಕೆಯೇ ತೀರ್ಮಾನಿಸುತ್ತದೆ.

ಬಾಟಲಿಗೂ ಗೆಲಾಕ್ಸಿಗೂ ವ್ಯತ್ಯಾಸಗಳೂ ಇವೆ. ಗೆಲಾಕ್ಸಿಯಲ್ಲಿ ಅನಿಲ ಹೊರಚೆಲ್ಲುವುದೂ ಉಂಟು. ಬಹಳ ದೊಡ್ಡ ನಕ್ಷತ್ರಗಳು ಬೇಗ ಉರಿದು ಸಿಡಿಯುತ್ತವೆ. ಇವನ್ನು ಸೂಪರ್‌ನೋವಾ ಎನ್ನುತ್ತಾರೆ. ಅನೇಕ ನಕ್ಷತ್ರಗಳು ಹೀಗೆ ಸಿಡಿದಾಗ ಸುತ್ತಲಿನ ಅನಿಲ ಬಿಸಿಯಾಗಿ ಗೆಲಾಕ್ಸಿಯಿಂದಲೇ ಹೊರಕ್ಕೆ ಚಿಮ್ಮುತ್ತದೆ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ಎಂಬ ಗೆಲಾಕ್ಸಿಯಲ್ಲಿ ಅನಿಲ ಹೀಗೆ ಮೇಲಕ್ಕೂ ಕೆಳಕ್ಕೂ ಚಿಮ್ಮುತ್ತಿರುವುದು ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ. ಟ್ಯಾಂಕು ತುಂಬಿ ಪೈಪಿನಿಂದ ನೀರು ಸುರಿಯುವುದನ್ನು ನೀವು ನೋಡಿದ್ದೀರಲ್ಲ, ಸ್ವಲ್ಪ ಹಾಗೆಯೇ. ಹೊರಗೆ ಹೋದ ಅನಿಲದಲ್ಲಿ ಒಂದಿಷ್ಟು ತಣ್ಣಗಾಗಿ ಮತ್ತೆ ಒಳಕ್ಕೆ ಬೀಳುತ್ತದೆ. ಸ್ಮಿತ್ ಮೋಡವೂ ಹೀಗೆ ನಮ್ಮ ಗೆಲಾಕ್ಸಿಯಿಂದ ಹೋಗಿ ಮರಳಿ ಬರುತ್ತಿರುವ ಅನಿಲ ಇರಬಹುದು ಎನ್ನುವ ವಿಜ್ಞಾನಿಗಳೂ ಇದ್ದಾರೆ.

ಒಂದು ಜಾಣ ಪ್ರಶ್ನೆ

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೈ ಎತ್ತಬಹುದು. “ಸರ್, ಮೊದಲು ಸಂಪು ಬಹಳ ದೊಡ್ಡದಾಗಿದ್ದಿರಬಹುದಲ್ಲ? ಆಗ ತುಂಬಿದ್ದ ಅನಿಲವೇ ಇಲ್ಲಿಯವರೆಗೆ ಬಂದಿರಬಹುದಲ್ಲ? ಹೊರಗಿನಿಂದ ಯಾರೂ ತುಂಬಿಸಬೇಕಾಗಿಲ್ಲವಲ್ಲ?”

ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳಿಗೂ ಈ ಪ್ರಶ್ನೆ ಇತ್ತು. ಇದರ ಜೊತೆಗೆ ಇನ್ನೊಂದು ಒಗಟೂ ಇತ್ತು. ಇಡೀ ವಿಶ್ವವನ್ನು ಒಟ್ಟಾಗಿ ನೋಡಿದರೆ, ಸುಮಾರು 1,000 ಕೋಟಿ ವರ್ಷಗಳ ಹಿಂದೆ ನಕ್ಷತ್ರಗಳು ಅತಿ ವೇಗವಾಗಿ ಹುಟ್ಟುತ್ತಿದ್ದವು. ಈಗ ಆ ವೇಗ ಹೆಚ್ಚುಕಡಿಮೆ ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಯಾಕೆ?

ಇದಕ್ಕೆ ಉತ್ತರ ಬೇಕಾದರೆ ಹಳೆಯ ಕಾಲದ ಗೆಲಾಕ್ಸಿಗಳ ಸಂಪಿನೊಳಗೆ ಇಣುಕಬೇಕು. ಹಳೆಯ ಕಾಲವನ್ನು ನೋಡುವುದು ಹೇಗೆ? ಖಗೋಳ ವಿಜ್ಞಾನದಲ್ಲಿ ಅದು ಸಾಧ್ಯ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡಿದರೂ ಸೂರ್ಯನಿಂದ ನಮ್ಮನ್ನು ತಲುಪಲು 8 ನಿಮಿಷ ಬೇಕು. ಅಂದರೆ ನಾವು ಕಾಣುವುದು 8 ನಿಮಿಷ ಹಿಂದಿನ ಸೂರ್ಯನನ್ನು. ಅದೇ ರೀತಿ ಬಹಳ ದೂರದ ಗೆಲಾಕ್ಸಿಯಿಂದ ಹೊರಟ ಬೆಳಕು ನಮ್ಮನ್ನು ತಲುಪಲು 800 ಕೋಟಿ ವರ್ಷ ಹಿಡಿದಿದ್ದರೆ, ನಾವು ಕಾಣುವುದು 800 ಕೋಟಿ ವರ್ಷ ಹಿಂದಿನ ಗೆಲಾಕ್ಸಿಯನ್ನು. ಆಗ ನಮ್ಮ ಸೂರ್ಯ ಇನ್ನೂ ಹುಟ್ಟಿರಲಿಲ್ಲ!

ಹೈಡ್ರೋಜನ್ನಿನ ಪಿಸುಮಾತು

ಸಂಪಿನಲ್ಲಿರುವ ತಣ್ಣನೆ ಹೈಡ್ರೋಜನ್ ಕಣ್ಣಿಗೆ ಕಾಣುವಂತೆ ಹೊಳೆಯುವುದಿಲ್ಲ. ಆದರೆ ಅದು ಮೆಲ್ಲಗೆ ರೇಡಿಯೊ ಅಲೆಗಳನ್ನು ಹೊರಸೂಸುತ್ತದೆ. ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು ಇರುತ್ತವೆ. ಎರಡೂ ಬುಗುರಿಯಂತೆ ತಿರುಗುತ್ತವೆ ಎಂದು ಭಾವಿಸಿ. ಎರಡೂ ಒಂದೇ ಕಡೆಗೆ ತಿರುಗುತ್ತಿದ್ದಾಗ ಪರಮಾಣುವಿನಲ್ಲಿ ಶಕ್ತಿ ಕೊಂಚ ಹೆಚ್ಚು. ಎಲೆಕ್ಟ್ರಾನು ಮಗುಚಿಕೊಂಡು ಎದುರು ದಿಕ್ಕಿಗೆ ತಿರುಗಿದರೆ ಆ ಹೆಚ್ಚಿನ ಶಕ್ತಿ ಒಂದು ರೇಡಿಯೊ ಅಲೆಯಾಗಿ ಹೊರಬೀಳುತ್ತದೆ. ಅದರ ಉದ್ದ 21 ಸೆಂಟಿಮೀಟರ್. ನಿಮ್ಮ ಕಂಪಾಸ್ ಬಾಕ್ಸಿನ 15 ಸೆಂ.ಮೀ. ಸ್ಕೇಲಿಗಿಂತ ಸ್ವಲ್ಪ ಉದ್ದ.

ಒಂದು ಪರಮಾಣು ಹೀಗೆ ಮಗುಚಿಕೊಳ್ಳಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದರೆ ಗೆಲಾಕ್ಸಿಯಲ್ಲಿ ಪರಮಾಣುಗಳಿಗೆ ಬರವೇ? ಒಂದಲ್ಲ ಒಂದು ಮಗುಚಿಕೊಳ್ಳುತ್ತಲೇ ಇರುತ್ತದೆ. ಇಂಥ ಅಲೆ ಬರಬೇಕು ಎಂದು ನೆದರ್ಲೆಂಡ್ಸಿನ ವಾನ್ ಡೆ ಹುಲ್ಸ್ಟ್ 1944ರಲ್ಲಿ ಲೆಕ್ಕ ಹಾಕಿ ಹೇಳಿದರು. 1951ರಲ್ಲಿ ಅಮೆರಿಕದ ಈವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಸರ್ ಸಿ. ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಕೂಡ ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ ಇದೇ ಅಲೆಗಳನ್ನು ಅಧ್ಯಯನ ಮಾಡಿದವರು. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಗೆ ರಾಧಾಕೃಷ್ಣನ್ 1972ರಲ್ಲಿ ನಿರ್ದೇಶಕರಾದರು. ಆ ಸಂಸ್ಥೆಯಲ್ಲಿ ರೇಡಿಯೊ ಖಗೋಳ ವಿಜ್ಞಾನ ಬೇರೂರಿದ್ದು ಆಗ.

7,653 ಗೆಲಾಕ್ಸಿಗಳು ಒಟ್ಟಾಗಿ ಹೇಳಿದ್ದು

ಹತ್ತಿರದ ಗೆಲಾಕ್ಸಿಗಳ 21 ಸೆಂ.ಮೀ. ಅಲೆಯನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ಆದರೆ 800 ಕೋಟಿ ವರ್ಷ ಹಿಂದಿನ ಗೆಲಾಕ್ಸಿಗಳಿಂದ ಬರುವ ಅಲೆ ತೀರ ಕ್ಷೀಣ. ಅದೂ ಅಲ್ಲದೆ ವಿಶ್ವ ಹಿಗ್ಗುತ್ತಿರುವುದರಿಂದ ಅಲೆಯೂ ದಾರಿಯಲ್ಲಿ ಹಿಗ್ಗಿ, 21 ಸೆಂ.ಮೀ. ಇದ್ದದ್ದು ನಮ್ಮನ್ನು ತಲುಪುವಾಗ ಸುಮಾರು 42 ಸೆಂ.ಮೀ. ಆಗಿರುತ್ತದೆ.

ಇಂಥ ಅಲೆಗಳನ್ನು ಹಿಡಿಯಬಲ್ಲ ದೊಡ್ಡ ಕಿವಿ ನಮ್ಮ ದೇಶದಲ್ಲೇ ಇದೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಖೋಡದ್ ಎಂಬ ಹಳ್ಳಿಯ ಬಳಿ ಇರುವ ಜಿ.ಎಂ.ಆರ್.ಟಿ. ಎಂಬ ರೇಡಿಯೊ ದೂರದರ್ಶಕವದು. 45 ಮೀಟರ್ ಅಗಲದ 30 ಬುಟ್ಟಿಯಾಕಾರದ ಆಂಟೆನಾಗಳು ಅಲ್ಲಿ ಸುಮಾರು 25 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹರಡಿಕೊಂಡಿವೆ. ಇದನ್ನು ಕಟ್ಟಿಸಿದವರು ಗೋವಿಂದ ಸ್ವರೂಪ್. ನಗರಗಳ ಟಿ.ವಿ., ಯಂತ್ರಗಳ ರೇಡಿಯೊ ಗದ್ದಲದಿಂದ ದೂರ ಇರಲೆಂದೇ ಹಳ್ಳಿಯನ್ನು ಆರಿಸಿಕೊಂಡರು. ಹೆಬ್ಬಗೋಡಿಯಂಥ ಊರಿನಲ್ಲಿ ಇಟ್ಟಿದ್ದರೆ ಆ ಪಿಸುಮಾತು ಕೇಳಿಸುತ್ತಲೇ ಇರಲಿಲ್ಲ.

ಅಷ್ಟು ದೊಡ್ಡ ದೂರದರ್ಶಕಕ್ಕೂ ಅಷ್ಟು ದೂರದ ಒಂದೊಂದೇ ಗೆಲಾಕ್ಸಿಯ ಅಲೆ ಕೇಳಿಸದು. ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಟ್ರೇಸಿಂಗ್ ಹಾಳೆಗಳನ್ನು ನೀವು ನೋಡಿದ್ದೀರಿ. ಪ್ರತಿ ಹಾಳೆಯ ನಡುವೆ ಒಂದು ತೀರ ಮಸುಕಾದ ಚುಕ್ಕೆ ಇದೆ, ಅಲ್ಲಲ್ಲಿ ಬೇಡದ ಕಲೆಗಳೂ ಇವೆ ಎಂದುಕೊಳ್ಳಿ. ಒಂದು ಹಾಳೆಯಲ್ಲಿ ಯಾವುದು ಚುಕ್ಕೆ, ಯಾವುದು ಕಲೆ ಎಂದು ತಿಳಿಯದು. ಆದರೆ ನೂರಾರು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಬೆಳಕಿಗೆ ಹಿಡಿದರೆ, ನಡುವಿನ ಚುಕ್ಕೆ ಒಂದೇ ಜಾಗದಲ್ಲಿರುವುದರಿಂದ ಗಾಢವಾಗಿ ಕಾಣುತ್ತದೆ. ಕಲೆಗಳು ಬೇರೆ ಬೇರೆ ಜಾಗಗಳಲ್ಲಿರುವುದರಿಂದ ಹರಡಿಹೋಗುತ್ತವೆ. ಅದೇ ರೀತಿ 7,653 ಗೆಲಾಕ್ಸಿಗಳಿಂದ ಬಂದ ಅಲೆಗಳನ್ನು ಗಣಕಯಂತ್ರದಲ್ಲಿ ಒಂದರ ಮೇಲೊಂದು ಜೋಡಿಸಿದರು. ಆಗ ಆ ಪಿಸುಮಾತು ಕೇಳಿಸಿತು!

ಈ ಕೆಲಸ ಮಾಡಿದವರು ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಆದಿತ್ಯ ಚೌಧರಿ, ನಿಸ್ಸಿಮ್ ಕಾಣೇಕರ್, ಜಯರಾಮ್ ಚೆಂಗಲೂರ್ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ, ಕೆ. ಎಸ್. ದ್ವಾರಕಾನಾಥ್. ಅವರ ಲೇಖನ 2020ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರಿಗೆ ಕಂಡದ್ದೇನು? 800 ಕೋಟಿ ವರ್ಷಗಳ ಹಿಂದೆ ಸಂಪು ನಿಜವಾಗಿಯೂ ದೊಡ್ಡದಾಗಿತ್ತು. ಆ ಗೆಲಾಕ್ಸಿಗಳಲ್ಲಿ ಸರಾಸರಿಯಾಗಿ ನಕ್ಷತ್ರಗಳ ತೂಕ ಎಷ್ಟೋ, ಪರಮಾಣು ಹೈಡ್ರೋಜನ್ನಿನ ತೂಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಇಂದಿನ ನಮ್ಮ ಆಕಾಶಗಂಗೆಯಲ್ಲಿ ಅನಿಲದ ತೂಕ ನಕ್ಷತ್ರಗಳ ತೂಕದ ಒಂದು ಸಣ್ಣ ಪಾಲು ಮಾತ್ರ. ಆದರೆ ಆಗ ನಲ್ಲಿಗಳೂ ಜೋರಾಗಿ ಹರಿಯುತ್ತಿದ್ದವು. ಆ ವೇಗದಲ್ಲಿ ನಕ್ಷತ್ರಗಳು ಹುಟ್ಟುತ್ತ ಹೋದರೆ, ಹೊರಗಿನಿಂದ ಏನೂ ಬಾರದಿದ್ದರೆ, ಅಷ್ಟು ದೊಡ್ಡ ಸಂಪೂ 100ರಿಂದ 200 ಕೋಟಿ ವರ್ಷಗಳಲ್ಲಿ ಖಾಲಿಯಾಗುತ್ತಿತ್ತು! ಅಂದರೆ ಬಾಳಿಕೆಗೆ ಸಂಪಿನ ಗಾತ್ರ ಸಾಲದು, ಪೂರೈಕೆಯೂ ಬೇಕೇ ಬೇಕು. ಕೈ ಎತ್ತಿದವರಿಗೆ ಉತ್ತರ ಸಿಕ್ಕಿತಲ್ಲ?

ಇದೇ ದೂರದರ್ಶಕದಿಂದ ಇನ್ನೂ ಹೆಚ್ಚು ಕಾಲ ಆಲಿಸಿ, 11,419 ಗೆಲಾಕ್ಸಿಗಳನ್ನು ನೋಡಿದ ಫಲಿತಾಂಶಗಳು 2022ರಲ್ಲಿ ಬಂದವು. ಈ ಬಾರಿ ಎರಡು ಕಾಲಗಳನ್ನು ಹೋಲಿಸಲು ಸಾಧ್ಯವಾಯಿತು. ಸುಮಾರು 900 ಕೋಟಿ ವರ್ಷಗಳ ಹಿಂದೆ ಇದ್ದ ಪರಮಾಣು ಅನಿಲ, ಮುಂದಿನ 100 ಕೋಟಿ ವರ್ಷಗಳಲ್ಲಿ ಸರಾಸರಿ ಮೂರನೇ ಒಂದು ಭಾಗಕ್ಕೆ ಇಳಿದುಬಿಟ್ಟಿತ್ತು. ಹೊರಗಿನಿಂದ ಅನಿಲ ಬರುತ್ತಿದ್ದರೂ ಖರ್ಚಿಗೆ ಸಾಕಾಗುವಷ್ಟು ಬರುತ್ತಿರಲಿಲ್ಲ. ಸಂಪಿನ ಮಟ್ಟ ಇಳಿಯಿತು. ಮಟ್ಟ ಇಳಿದಾಗ ಬಾಟಲಿಯ ತೂತಿನ ನೀರು ಏನಾಯಿತು? ಸಣ್ಣದಾಯಿತು. ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವುದು ಕಡಿಮೆಯಾದ ಒಗಟಿಗೆ ಇದು ಉತ್ತರ ಎಂದು ವಿಜ್ಞಾನಿಗಳು ಹೇಳುತ್ತಾರೆ. ನಲ್ಲಿ ಕೆಟ್ಟಿದ್ದಲ್ಲ, ಟ್ಯಾಂಕರ್ ಬರುವುದು ಕಡಿಮೆಯಾದದ್ದು.

ಸಂಪು ಬತ್ತಿದ ಗೆಲಾಕ್ಸಿಗಳು

ಕೆಲವು ಗೆಲಾಕ್ಸಿಗಳಲ್ಲಿ ಪೂರೈಕೆ ಪೂರ್ತಿ ನಿಂತೇಹೋಗಿದೆ. ಇದು ಆಗುವ ದಾರಿಗಳು ಹಲವು. ಬಹಳ ದೊಡ್ಡ ಗೆಲಾಕ್ಸಿಗಳ ಸುತ್ತ ಅನಿಲವೇನೋ ಇದೆ. ಆದರೆ ಅದು ಹತ್ತಾರು ಲಕ್ಷ ಡಿಗ್ರಿಗಳಷ್ಟು ಬಿಸಿ. ಅದನ್ನು ಬಿಸಿಯಾಗಿಯೇ ಇಡುವುದರಲ್ಲಿ ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಯ ಕೈವಾಡವೂ ಇರುತ್ತದೆ. ಬಿಸಿ ಅನಿಲದಿಂದ ನಕ್ಷತ್ರ ಹುಟ್ಟದು ಎಂದು ಆಗಲೇ ನೋಡಿದೆವಲ್ಲ?

ಇನ್ನು ಕೆಲವು ಗೆಲಾಕ್ಸಿಗಳು ಗುಂಪಿನೊಳಗೆ ನುಗ್ಗುವಾಗ ತಮ್ಮ ಅನಿಲವನ್ನು ಕಳೆದುಕೊಳ್ಳುತ್ತವೆ. ಓಡುವ ಸೈಕಲ್ಲಿನಲ್ಲಿ ಕುಳಿತಾಗ ಎದುರುಗಾಳಿ ನಿಮ್ಮ ಟೋಪಿಯನ್ನು ಹಾರಿಸಿಕೊಂಡು ಹೋಗುವುದಿಲ್ಲವೇ? ಹಾಗೆ ಗುಂಪಿನೊಳಗಿನ ಬಿಸಿ ಅನಿಲ ಎದುರುಗಾಳಿಯಂತೆ ಬಡಿದು ಗೆಲಾಕ್ಸಿಯ ತಣ್ಣನೆ ಅನಿಲವನ್ನು ಹಿಂದಕ್ಕೆ ಎಳೆಯುತ್ತದೆ. ಅನಿಲದ ಎಳೆಗಳು ಬಾಲದಂತೆ ತೂಗುವುದರಿಂದ ಇವನ್ನು ‘ಜೆಲ್ಲಿ ಮೀನು ಗೆಲಾಕ್ಸಿ’ ಎಂದು ಕರೆಯುತ್ತಾರೆ. ಜೆ.ಓ.201 ಎಂಬ ಅಂಥ ಒಂದು ಗೆಲಾಕ್ಸಿಯನ್ನು ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದಿಂದ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಿತ್ತುಬಂದ ಅನಿಲದ ಬಾಲದಲ್ಲೂ ನಕ್ಷತ್ರಗಳು ಹುಟ್ಟುತ್ತಿರುವುದು ಅದರಲ್ಲಿ ಕಂಡಿತು. 2015ರ ಸೆಪ್ಟೆಂಬರ್ 28ರಂದು ಹಾರಿದ ಈ ಉಪಗ್ರಹದ ಆ ದೂರದರ್ಶಕವನ್ನು ಜೋಡಿಸಿದ್ದು ಎಲ್ಲಿ ಗೊತ್ತೇ? ಹೆಬ್ಬಗೋಡಿಯಿಂದ ಬಹಳ ದೂರವೇನಲ್ಲ, ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ.

ಅನಿಲ ಮುಗಿದರೆ ಗೆಲಾಕ್ಸಿ ಒಡನೆ ಕತ್ತಲಾಗುವುದಿಲ್ಲ. ಮೊದಲು ಪ್ರಖರವಾದ ನೀಲಿ ನಕ್ಷತ್ರಗಳು ಉರಿದು ಮುಗಿಯುತ್ತವೆ. ಮಂದವಾಗಿ ಉರಿಯುವ ಕೆಂಪು, ಹಳದಿ ನಕ್ಷತ್ರಗಳು ಉಳಿಯುತ್ತವೆ. ಆದ್ದರಿಂದ ನಕ್ಷತ್ರಗಳು ಹುಟ್ಟುತ್ತಿರುವ ಗೆಲಾಕ್ಸಿಗಳು ನೀಲಿಯಾಗಿಯೂ, ಹುಟ್ಟು ನಿಂತವು ಕೆಂಪಾಗಿಯೂ ಕಾಣುವುದು ಸಾಮಾನ್ಯ.

ಇದರಿಂದ ನಮಗೇನು?

ನಮ್ಮ ಸೂರ್ಯ ಹುಟ್ಟಿದ್ದು ತಡವಾಗಿ. ಆಕಾಶಗಂಗೆಯಲ್ಲಿ ನಕ್ಷತ್ರಗಳು ಹುಟ್ಟಲು ಶುರುವಾಗಿ ಆಗಲೇ 700 ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಕಳೆದಿತ್ತು. ಅಷ್ಟರಲ್ಲಿ ನಮ್ಮ ಗೆಲಾಕ್ಸಿಯ ಸಂಪು ಬತ್ತಿಹೋಗಿದ್ದರೆ? ಸೂರ್ಯನಿಗೆ ಬೇಕಾದ ಅನಿಲ ಇರುತ್ತಿರಲಿಲ್ಲ. ಸೂರ್ಯನಿಲ್ಲದೆ ಭೂಮಿ ಇಲ್ಲ, ಹೆಬ್ಬಗೋಡಿ ಇಲ್ಲ, ಈ ಪುಟ ಓದುತ್ತಿರುವ ನೀವೂ ಇಲ್ಲ. ಎಲ್ಲೋ ದೂರದಿಂದ ಕಣ್ಣಿಗೆ ಕಾಣದಂತೆ ಹರಿದು ಬಂದ ಅನಿಲದಿಂದಲೇ ಆಕಾಶಗಂಗೆ ನಕ್ಷತ್ರಗಳನ್ನು ಹುಟ್ಟಿಸುತ್ತ ಬಂದಿದೆ. ನಮ್ಮ ಸೂರ್ಯ ಅವುಗಳಲ್ಲಿ ಒಂದು.

ಹೆಬ್ಬಗೋಡಿಯ ತಾರಸಿಯಿಂದ ಆಕಾಶಗಂಗೆಯ ಬಿಳಿ ಪಟ್ಟೆ ಕಾಣುವುದಿಲ್ಲ. ಹೆದ್ದಾರಿಯ, ಕಾರ್ಖಾನೆಗಳ ದೀಪಗಳು ಅದನ್ನು ಅಳಿಸಿಬಿಡುತ್ತವೆ. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ, ಬೆಳದಿಂಗಳಿಲ್ಲದ ರಾತ್ರಿ, ದೀಪಗಳಿಂದ ದೂರ ನಿಂತು ಮೇಲೆ ನೋಡಿ. ಆ ಬಿಳಿ ಪಟ್ಟೆಯ ನಡುವೆ ಅಲ್ಲಲ್ಲಿ ಕಪ್ಪು ತೇಪೆಗಳು ಕಾಣುತ್ತವೆ. ಅವು ಖಾಲಿ ಜಾಗಗಳಲ್ಲ. ದೂಳು ತುಂಬಿದ ತಣ್ಣನೆ ಅನಿಲದ ಮೋಡಗಳು, ಮುಂದೆ ಹುಟ್ಟಲಿರುವ ನಕ್ಷತ್ರಗಳ ಟ್ಯಾಂಕು!

ಯೋಚಿಸಿ, ಉತ್ತರಿಸಿ

1. ಒಂದು ಗೆಲಾಕ್ಸಿಯಲ್ಲಿ 600 ಕೋಟಿ ಸೂರ್ಯರಷ್ಟು ಅನಿಲವಿದೆ. ವರ್ಷಕ್ಕೆ 3 ಸೂರ್ಯರಷ್ಟು ಅನಿಲ ನಕ್ಷತ್ರಗಳಾಗುತ್ತದೆ. ಹೊರಗಿನಿಂದ ಅನಿಲ ಬಾರದಿದ್ದರೆ ಅದು ಎಷ್ಟು ವರ್ಷ ಬಾಳುತ್ತದೆ?

2. ಅದೇ ಗೆಲಾಕ್ಸಿಗೆ ಹೊರಗಿನಿಂದ ವರ್ಷಕ್ಕೆ 1 ಸೂರ್ಯನಷ್ಟು ಅನಿಲ ಬರುತ್ತಿದ್ದರೆ? ನಕ್ಷತ್ರ ಹುಟ್ಟುವ ವೇಗ ಬದಲಾಗುವುದಿಲ್ಲ ಎಂದುಕೊಂಡು ಲೆಕ್ಕ ಮಾಡಿ. ಆಮೇಲೆ ಬಾಟಲಿಯ ಪ್ರಯೋಗ ನೆನಪಿಸಿಕೊಂಡು, ವೇಗ ನಿಜವಾಗಿಯೂ ಬದಲಾಗದೆ ಇರುತ್ತದೆಯೇ ಎಂದು ಗೆಳೆಯರೊಡನೆ ಚರ್ಚಿಸಿ.

3. ನಿಮ್ಮ ಮನೆಯ ಅಥವಾ ಶಾಲೆಯ ಟ್ಯಾಂಕು ಎಷ್ಟು ಲೀಟರಿನದು? ದಿನಕ್ಕೆ ಎಷ್ಟು ನೀರು ಖರ್ಚಾಗುತ್ತದೆ? ಹೊರಗಿನಿಂದ ನೀರು ಬಾರದಿದ್ದರೆ ಎಷ್ಟು ದಿನ ಬರುತ್ತದೆ? ಲೆಕ್ಕ ಹಾಕಿ ತರಗತಿಯಲ್ಲಿ ಹೇಳಿ.